ದುಡ್ಡೂ ಕೊಟ್ಟು ದುಡಿಯಲು ಹೊರಟ ನರ್ಸ್: ಹುಬ್ಬಳ್ಳಿಯ ಒಂದು ಪ್ರಕರಣ

ಪ್ರಕರಣ ಇಷ್ಟು. ಗದಗ ಜಿಲ್ಲೆ ರೋಣ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ. ವಯಸ್ಸು 27. ಬಿಎಸ್ಸಿ ನರ್ಸಿಂಗ್ ಮುಗಿಸಿ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದಳು. ಕೆಲಸ ಎನ್‌ಐಸಿಯುನಲ್ಲಿ, ಅಂದರೆ ದಿನ ತುಂಬದೆ ಹುಟ್ಟಿದ, ಉಸಿರಾಟಕ್ಕೆ ಒದ್ದಾಡುವ ಕೂಸುಗಳ ವಾರ್ಡಿನಲ್ಲಿ. ಸಂಬಳ ತಿಂಗಳಿಗೆ 18 ಸಾವಿರ. ಸೇರಿ ನಾಲ್ಕೂವರೆ ವರ್ಷ ಆಗಿತ್ತು. ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ನೋಡಿ, ಕೀನ್ಯಾದ ನೈರೋಬಿ ಹತ್ತಿರ ಆರು ವಾರ 'ಮೆಡಿಕಲ್ ವಾಲಂಟಿಯರ್' ಆಗಿ ಹೋಗಲು ಅರ್ಜಿ ಹಾಕಿದಳು. ಅರ್ಜಿ ಶುಲ್ಕ ಅಂತ 5,000 ರೂಪಾಯಿ ಯುಪಿಐನಲ್ಲಿ ಕಟ್ಟಿಯೂ ಆಗಿತ್ತು. ಮುಂದಿನ ಕಂತು ಶುಕ್ರವಾರದೊಳಗೆ ಬರಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತೆ ಅಂತ ಮೆಸೇಜಿನ ಮೇಲೆ ಮೆಸೇಜು ಬರುತ್ತಿತ್ತು.

ಹೊರದೇಶಕ್ಕೆ ಹೋಗುವವರ ಕಾಗದಪತ್ರ ನೋಡಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಜಾಸ್ತಿ ಜನ ಓದಲು ಹೊರಟವರು, ಇಲ್ಲಾ ಗಲ್ಫ್‌ಗೆ ದುಡಿಯಲು ಹೊರಟವರು. ಸೇವೆಗೆ ಅಂತ ಹೊರಟವರು ಈಚೆಗೆ ಅಲ್ಲೊಬ್ಬ ಇಲ್ಲೊಬ್ಬ ಸಿಗುತ್ತಾರೆ. ಈ ಹುಡುಗಿಯ ಪ್ರಕರಣವನ್ನು ಪೂರ್ತಿ ಬರೆಯಲು ಕಾರಣ ಇದೆ. ಅವಳು ಮೋಸಹೋಗುವ ಪೈಕಿ ಅಲ್ಲ. ಕೆಲಸ ಗೊತ್ತಿರುವವಳು, ನಾಲ್ಕು ಕಾಸು ಕೂಡಿಟ್ಟವಳು, ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವವಳು. ಅಂಥವಳೂ ಕೇಳಬೇಕಾದ ಮೊದಲ ಪ್ರಶ್ನೆ ಕೇಳಿರಲಿಲ್ಲ. ಅದನ್ನು ಕೇಳಿದ್ದು ಅವಳ ತಾಯಿ.

"ದುಡ್ಡೂ ನಾವ ಕೊಡೂದು, ದುಡಿಯೂದೂ ನಾವ. ಇದು ಯಾವ ಸೀಮಿ ನೌಕರಿರೀ ಸರ?"

"ಬೇ, ಅದು ನೌಕರಿ ಅಲ್ಲ, ಸೇವಾ ಅದ," ಅಂತ ಮಗಳು.

"ಸೇವಾ ಆದ್ರ ಅವ್ರ ಕರೀಬೇಕಲ್ಲ? ಕರದವ್ರು ಯಾರು, ಹೆಸರ ಹೇಳು."

ಹೆಸರು ಹೇಳಲು ಆಗಲಿಲ್ಲ. ಹನ್ನೆರಡು ಪುಟದ ಬ್ರೋಷರ್‌ನಲ್ಲಿ ಆ ಕ್ಲಿನಿಕ್ಕಿನ ಹೆಸರೇ ಇರಲಿಲ್ಲ. 'ನಮ್ಮ ಪಾರ್ಟ್ನರ್ ಕ್ಲಿನಿಕ್' ಅಂತ ಇತ್ತು, ಅಷ್ಟೇ. ಆದರೆ ಮಸಾಯಿ ಮಾರಾ ಸಫಾರಿಯ ರೆಸಾರ್ಟಿನ ಹೆಸರು ಇತ್ತು, ಅದರ ಈಜುಕೊಳದ ಫೋಟೋನೂ ಇತ್ತು.

ಅವಳ ಆಸೆಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. "ದುಡ್ಡಿಗಂತ ಹೋಗಾಕ ನಮ್ ಬ್ಯಾಚಿನವ್ರು ಅದಾರ್ರೀ ಸರ. ನನಗ ಬ್ಯಾರೆ ಏನರ ಮಾಡಬೇಕು ಅನಸ್ತದ," ಅಂದಳು. ಆನೆ, ಸಿಂಹ ನೋಡುವ ಆಸೆಯೂ ಇದೆ ಅಂತ ನಗುತ್ತ ಒಪ್ಪಿಕೊಂಡಳು. ಅದರಲ್ಲಿ ತಪ್ಪೇನಿದೆ? ದುಡ್ಡು ಕೂಡಿಸಿ, ಟೂರಿಸ್ಟ್ ಆಗಿ ಹೋಗಿ, ಸಿಂಹ ನೋಡಿ ಬರಲಿ. ಆದರೆ ಆ ಖರ್ಚನ್ನು ಬಡವರ ಸೇವೆ ಅನ್ನುವ ಲೆಕ್ಕದಲ್ಲಿ ಬರೆಯುವುದು ಬೇಡ, ಅಲ್ವಾ?

ಬಿಲ್ಲು ಹೇಳಿದ್ದು

ನಾನು ಮೊದಲು ಕೇಳಿದ್ದು 5,000 ರೂಪಾಯಿಯ ರಸೀದಿ. ಫೋನಿನಲ್ಲಿ ಪಿಡಿಎಫ್ ಇತ್ತು. ದೊಡ್ಡದು ಮಾಡಿ ನೋಡಿದರೆ, ವಿವರದ ಕಾಲಂನಲ್ಲಿ 'ಟೂರ್ ಆಪರೇಟರ್ ಸೇವೆ' ಅಂತ ಇದೆ, ಪಕ್ಕದಲ್ಲಿ ಜಿಎಸ್‌ಟಿ ಶೇ 5. ಜಾಹೀರಾತಿನಲ್ಲಿ ಸೇವೆ, ಬಿಲ್ಲಿನಲ್ಲಿ ಪ್ರವಾಸ. ಸರಕಾರಕ್ಕೆ ಅವರು ನಿಜ ಹೇಳಿದ್ದಾರೆ, ಹುಡುಗಿಗೆ ಹೇಳಿಲ್ಲ. ಬಿಲ್ಲು ಮಾತ್ರ ನೋಡಿದರೆ ಮೋಸ ಅಂತ ಕಾಣುವುದಿಲ್ಲ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರಿಗೆ 1983ರ ವಲಸೆ ಕಾಯ್ದೆಯಡಿ ಲೈಸೆನ್ಸ್ ಬೇಕು. ಅವರ ಹೆಸರು ಸರಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೂ ಮಿತಿ ಇದೆ: 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಆದರೆ 'ನಾವು ಕೆಲಸ ಕೊಡಿಸುತ್ತಿಲ್ಲ, ಸ್ವಯಂಸೇವೆಯ ಪ್ಯಾಕೇಜ್ ಮಾರುತ್ತಿದ್ದೇವೆ' ಅಂದ ಕೂಡಲೇ ಆ ಮಿತಿ ಅವರಿಗೆ ತಾಗುವುದಿಲ್ಲ. ಜಿಎಸ್‌ಟಿ ನಂಬರ್ ಇದೆ, ಕಂಪನಿ ರಿಜಿಸ್ಟರ್ ಆಗಿದೆ ಅಂತ ತೋರಿಸುತ್ತಾರೆ. ಅಂಗಡಿ ತೆರೆದ ಎಲ್ಲರಿಗೂ ಅದು ಇರುತ್ತದೆ. ಇನ್ನು ವಲಸೆ ಅನುಮತಿ ಬೇಕಾದ 18 ದೇಶಗಳ ಪಟ್ಟಿಯಲ್ಲಿ ಸೌದಿ, ಕುವೈತ್, ಯೆಮನ್, ದಕ್ಷಿಣ ಸುಡಾನ್ ಇವೆ, ಕೀನ್ಯಾ ಇಲ್ಲ. ಅಂದರೆ ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿ, ಎಲ್ಲಿಗಮ್ಮಾ, ಯಾರು ಕರೆದರು ಅಂತ ವಿಚಾರಿಸುವ ವ್ಯವಸ್ಥೆಯೂ ಈ ದಾರಿಯಲ್ಲಿ ಇಲ್ಲ.

ಲೆಕ್ಕ ಹಾಕಿದೆವು. ಕಾರ್ಯಕ್ರಮ ಶುಲ್ಕ 1,45,000. ಟಿಕೆಟ್ ಅವತ್ತಿನ ದರದಲ್ಲಿ 62,000. ಕೀನ್ಯಾ 2024ರ ಜನವರಿಯಿಂದ ವೀಸಾ ತೆಗೆದು ಇಟಿಎ ಅನ್ನುವ ಆನ್‌ಲೈನ್ ಅನುಮತಿ ಮಾಡಿದೆ, ಅದಕ್ಕೆ 30 ಡಾಲರ್. ವಿಮೆ, ಲಸಿಕೆ ಬೇರೆ. ಆರು ವಾರದ ಸಂಬಳ ಖೋತಾ. ಒಟ್ಟು ಎರಡು ಲಕ್ಷ ನಲವತ್ತು ಸಾವಿರದ ಹತ್ತಿರ ಬಂತು. ಅವಳ ಒಂದು ವರ್ಷದ ಸಂಬಳವೇ 2,16,000.

ಇನ್ನೊಂದು ನಷ್ಟ ಅವಳ ಲೆಕ್ಕದಲ್ಲೇ ಇರಲಿಲ್ಲ. ಆರು ವಾರ ರಜೆ ಕೊಡಲ್ಲ, ಬೇಕಾದರೆ ರಾಜೀನಾಮೆ ಕೊಟ್ಟು ಹೋಗಿ, ಬಂದ ಮೇಲೆ ಮತ್ತೆ ಸೇರಿ ಅಂತ ಆಸ್ಪತ್ರೆಯವರು ಹೇಳಿದ್ದರು. ಅವಳು ಅದನ್ನು ಉಪಕಾರ ಅಂದುಕೊಂಡಿದ್ದಳು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಒಟ್ಟಿಗೆ ಕೊಡಬೇಕಾದ ದುಡ್ಡು ಸಿಗಬೇಕಾದರೆ ಐದು ವರ್ಷ ಸತತ ಸೇವೆ ಆಗಿರಬೇಕು. ಅವಳಿಗೆ ಬಾಕಿ ಇದ್ದದ್ದು ಆರೇ ತಿಂಗಳು. ಮೂಲ ವೇತನ 12 ಸಾವಿರ. ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳನ್ನು 26 ದಿನ ಅಂತ ಹಿಡಿದು ಲೆಕ್ಕ ಮಾಡಿದರೆ ಐದು ವರ್ಷಕ್ಕೆ 34 ಸಾವಿರ ದಾಟುತ್ತದೆ. ಅದನ್ನು ಬಿಟ್ಟು ಹೋಗಿ, ವಾಪಸ್ ಬಂದು ಸೊನ್ನೆಯಿಂದ ಶುರು ಮಾಡಬೇಕು. ಖಾಸಗಿ ಆಸ್ಪತ್ರೆಗಳ ಹುಡುಗಿಯರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಸೇವೆಗೆ ಹೋಗುವವರಷ್ಟೇ ಅಲ್ಲ, ಕೆಲಸ ಬದಲಿಸುವವರೂ ಮೊದಲು ಈ ತಾರೀಕು ನೋಡಿಕೊಳ್ಳಬೇಕು.

ಮೇಲ್ ಹಾಕಿ ಕೇಳಿದೆವು

ದುಡ್ಡು ಕೇಳಿದವರೆಲ್ಲ ಕಳ್ಳರು ಅಂತ ನಾನು ಹೇಳುವುದಿಲ್ಲ. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಅಂತ ಒಂದು ಹಳೆಯ ಸಂಘ ಇದೆ. 1920ರಲ್ಲಿ ಪಿಯರ್ ಸೆರೆಸೋಲ್ ಅನ್ನುವ ಸ್ವಿಸ್ ಮನುಷ್ಯ, ಯುದ್ಧದಲ್ಲಿ ಹಾಳಾದ ಫ್ರಾನ್ಸಿನ ಹಳ್ಳಿಯೊಂದನ್ನು ಕಟ್ಟಲು ಗೆಳೆಯರನ್ನು ಕರೆದುಕೊಂಡು ಹೋಗಿ ಶುರು ಮಾಡಿದ್ದು. 1934ರ ಬಿಹಾರ ಭೂಕಂಪದ ನಂತರ ಅವನು ನಮ್ಮ ದೇಶಕ್ಕೂ ಬಂದು ಮನೆ ಕಟ್ಟುವ ಕೆಲಸ ಮಾಡಿದ. ಇಂಥ ಸಂಘಗಳು ಈಗಲೂ ಎರಡು ಮೂರು ವಾರದ ವರ್ಕ್‌ಕ್ಯಾಂಪ್ ನಡೆಸುತ್ತವೆ. ಟಿಕೆಟ್ ನಮ್ಮದು, ಸಣ್ಣ ನೋಂದಣಿ ಶುಲ್ಕ ನಮ್ಮದು, ಊಟ-ವಸತಿ ಅಲ್ಲಿಯವರದು. ಮಣ್ಣು ಹೊರುವುದು, ಗೋಡೆಗೆ ಬಣ್ಣ ಹಚ್ಚುವುದು, ಹಬ್ಬಕ್ಕೆ ಪೆಂಡಾಲ್ ಹಾಕುವುದು. ಇದರಿಂದ ಜಗತ್ತು ಬದಲಾಗುತ್ತೆ ಅಂತ ಅವರು ಹೇಳಿಕೊಳ್ಳುವುದಿಲ್ಲ, ಬೇರೆ ದೇಶದ ಹುಡುಗರ ಜೊತೆ ಒಂದೇ ಪಾತ್ರೆಯಲ್ಲಿ ಅಡುಗೆ ಮಾಡಿ ಉಂಡು ಬನ್ನಿ ಅನ್ನುತ್ತಾರೆ. ಅದು ಪ್ರಾಮಾಣಿಕ.

ಹಾಗಾಗಿ ಆ ಏಜೆನ್ಸಿಗೂ ಒಂದು ಅವಕಾಶ ಕೊಡೋಣ ಅಂತ ಅಲ್ಲೇ ಕೂತು ಮೇಲ್ ಬರೆದೆವು. ಅವಳೇ ಟೈಪ್ ಮಾಡಿದಳು. ಕ್ಲಿನಿಕ್ಕಿನ ಹೆಸರು ಮತ್ತು ನೋಂದಣಿ ಸಂಖ್ಯೆ ಕೊಡಿ. ನನ್ನ ಮೇಲೆ ನಿಗಾ ಇಡುವ ಅಲ್ಲಿನ ನರ್ಸ್ ಯಾರು? 1,45,000ದಲ್ಲಿ ಕ್ಲಿನಿಕ್ಕಿಗೆ ಎಷ್ಟು ಹೋಗುತ್ತದೆ? ಕೀನ್ಯಾ ನರ್ಸಿಂಗ್ ಕೌನ್ಸಿಲ್‌ನಿಂದ ತಾತ್ಕಾಲಿಕ ಲೈಸೆನ್ಸ್ ನೀವು ಮಾಡಿಸುತ್ತೀರಾ? ಯಾವ ಪರ್ಮಿಟ್ ಮೇಲೆ ಹೋಗುತ್ತೇನೆ? ಪ್ಯಾಕೇಜಿನಲ್ಲಿ ಅನಾಥ ಮಕ್ಕಳ ಮನೆಯೂ ಇದೆ, ಅಲ್ಲಿಗೆ ಹೋಗುವ ಮೊದಲು ನನ್ನ ಪೊಲೀಸ್ ಕ್ಲಿಯರೆನ್ಸ್ ಯಾಕೆ ಕೇಳಿಲ್ಲ?

ಉತ್ತರ ಮೇಲ್‌ನಲ್ಲಿ ಬರಲಿಲ್ಲ, ವಾಟ್ಸಾಪ್‌ನಲ್ಲಿ ಬಂತು. "ಡೋಂಟ್ ವರಿ ಮೇಡಂ, ಆಲ್ ವಾಲಂಟಿಯರ್ಸ್ ಗೋ ಆನ್ ಟೂರಿಸ್ಟ್ ಓನ್ಲಿ. ಏರ್‌ಪೋರ್ಟ್‌ನಲ್ಲಿ ಹಾಲಿಡೇ ಅಂತ ಹೇಳಿ." ಕೊನೆಗೆ ಕೈಮುಗಿದ ಎಮೋಜಿ.

ನನ್ನ ಮಟ್ಟಿಗೆ ಪ್ರಕರಣ ಅಲ್ಲಿಗೇ ಮುಗಿಯಿತು. ಗಡಿಯಲ್ಲಿ ಸುಳ್ಳು ಹೇಳು ಅಂತ ಕಲಿಸುವವರ ಜೊತೆ ಹೋಗಬಾರದು. ಕೀನ್ಯಾದಲ್ಲಿ ಧರ್ಮಾರ್ಥ ಕೆಲಸಕ್ಕೆ 'ಕ್ಲಾಸ್ ಐ' ಅಂತ ಬೇರೆ ಪರ್ಮಿಟ್ಟೇ ಇದೆ, ಕಡಿಮೆ ಅವಧಿಯ ಕೆಲಸಕ್ಕೆ ಸ್ಪೆಷಲ್ ಪಾಸ್ ಇದೆ. ಸಂಬಳ ತೆಗೆದುಕೊಳ್ಳುತ್ತಿಲ್ಲ ಅನ್ನುವುದು ಅಲ್ಲಿ ನೆಪ ಆಗುವುದಿಲ್ಲ. ಸಿಕ್ಕಿಬಿದ್ದರೆ ದಂಡ, ಜೈಲು, ಗಡೀಪಾರು ಯಾವುದೂ ಆಗಬಹುದು. ಒಬ್ಬ ನರ್ಸ್‌ಗೆ ಇದರ ಪೆಟ್ಟು ಇನ್ನೂ ದೊಡ್ಡದು. ಮುಂದೆ ಬ್ರಿಟನ್‌ಗೋ ಕೆನಡಾಕ್ಕೋ ಅರ್ಜಿ ಹಾಕುವಾಗ, ಯಾವುದಾದರೂ ದೇಶ ನಿಮ್ಮನ್ನು ಹೊರಗೆ ಕಳಿಸಿದೆಯಾ ಅಂತ ಕೇಳುತ್ತಾರೆ. ಆರು ವಾರದ ಸೇವೆಗೆ ಮೂವತ್ತು ವರ್ಷದ ವೃತ್ತಿಯನ್ನು ಪಣಕ್ಕೆ ಇಡಬೇಕಾ?

ಲೈಸೆನ್ಸ್ ವಿಷಯವೂ ಹಾಗೇ. ವಿದೇಶದಿಂದ ಒಬ್ಬ ಹುಡುಗಿ ಟೂರಿಸ್ಟ್ ವೀಸಾದಲ್ಲಿ ಬಂದು ನಿಮ್ಮ ಎನ್‌ಐಸಿಯುನಲ್ಲಿ ಕೂಸಿಗೆ ಐವಿ ಹಾಕುತ್ತೇನೆ ಅಂದರೆ ಬಿಡ್ತೀರಾ ಅಂತ ಕೇಳಿದೆ. ಅವಳು ಹುಬ್ಬೇರಿಸಿದಳು. "ಸರ, ನಮ್ಮ ಸಿಸ್ಟರ್ ಇನ್‌ಚಾರ್ಜ್ ಬಾಗಲಾ ಸೈತ ದಾಟಸೂದಿಲ್ಲ." ಮತ್ತೆ ಅಲ್ಲಿ? ಆಮೇಲೆ ಅವಳೇ ಒಂದು ವಿಷಯ ಎತ್ತಿದಳು. ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 28 ದಿನ ತೆಗೆದುಕೊಳ್ಳಬೇಕು. ಇಲ್ಲಿ ಅವಳ ವಾರ್ಡಿನಲ್ಲಿ ಅದು ಯಾವ ಕಪಾಟಿನಲ್ಲಿದೆ ಅಂತ ಗೊತ್ತು. ಹೆಸರಿಲ್ಲದ ಕ್ಲಿನಿಕ್ಕಿನಲ್ಲಿ ಯಾರನ್ನು ಕೇಳುವುದು? ಪರ್ಮಿಟ್ ಇಲ್ಲದೆ ಮಾಡಿದ ಕೆಲಸದಲ್ಲಿ ಆದ ಗಾಯಕ್ಕೆ ಪ್ರವಾಸ ವಿಮೆಯವರು ದುಡ್ಡು ಕೊಡುತ್ತಾರೆ ಅಂತ ನಂಬುವಂತೆಯೇ ಇಲ್ಲ.

ಹಳದಿ ಜ್ವರದ ಲಸಿಕೆ ಬಗ್ಗೆಯೂ ಬ್ರೋಷರ್ ಬಾಯಿ ಬಿಟ್ಟಿರಲಿಲ್ಲ. ಕೀನ್ಯಾ ಆ ಜ್ವರದ ಪಟ್ಟಿಯಲ್ಲಿರುವ ದೇಶ. ಲಸಿಕೆಯ ಸರ್ಟಿಫಿಕೇಟ್ ಇಲ್ಲದೆ ಅಲ್ಲಿಂದ ಬಂದರೆ ನಮ್ಮ ದೇಶದ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಹಾಕಿಸಿಕೊಂಡ ಹತ್ತು ದಿನದ ನಂತರವೇ ಅದು ಜಾರಿಗೆ ಬರುವುದು. ಸರಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ.

ಆ ದೇಶಕ್ಕೆ ಅವಳು ಬೇಕಿತ್ತಾ?

ಕಾಗದ ಎಲ್ಲ ಸರಿ ಇದ್ದಿದ್ದರೆ? ಆಗಲೂ ತಾಯಿ ಕೇಳಿದ ಪ್ರಶ್ನೆ ಉಳಿಯುತ್ತದೆ. ಕರೆದವರು ಯಾರು?

ಕೀನ್ಯಾದಲ್ಲಿ ನರ್ಸ್‌ಗಳೇ ಇಲ್ಲ ಅಂತ ಹುಡುಗಿ ಅಂದುಕೊಂಡಿದ್ದಳು. ನಿಜ ಬೇರೆ ಇದೆ. ಓದಿ ಮುಗಿಸಿ ಕೆಲಸ ಸಿಗದ ನರ್ಸ್‌ಗಳು ಅಲ್ಲಿದ್ದಾರೆ. 2021ರಲ್ಲಿ ಕೀನ್ಯಾ ಸರಕಾರವೇ ಬ್ರಿಟನ್ ಜೊತೆ ಒಪ್ಪಂದ ಮಾಡಿಕೊಂಡು ತನ್ನ ನರ್ಸ್‌ಗಳನ್ನು ಅಲ್ಲಿಗೆ ಕಳಿಸಲು ದಾರಿ ಮಾಡಿತು. ಕೊರತೆ ಇರುವುದು ಹುದ್ದೆಗೆ, ಸಂಬಳದ ದುಡ್ಡಿಗೆ. ಎರಡು ಲಕ್ಷ ನಲವತ್ತು ಸಾವಿರ ಖರ್ಚು ಮಾಡಿ, ಅಲ್ಲಿನ ಸ್ವಾಹಿಲಿ ಭಾಷೆ ಒಂದು ಅಕ್ಷರ ಬರದ ನರ್ಸ್ ಒಬ್ಬಳು ಆರು ವಾರಕ್ಕೆ ಹೋದರೆ ಆ ಕೊರತೆ ಎಲ್ಲಿ ತುಂಬಿತು?

ಭಾಷೆಯ ವಿಷಯವನ್ನು ಜನ ಸುಮ್ನೆ ದಾಟಿಹೋಗುತ್ತಾರೆ. ಎನ್‌ಐಸಿಯುನಲ್ಲಿ ಅವಳ ಕೆಲಸ ಅರ್ಧ ಕೂಸಿನ ಜೊತೆ, ಇನ್ನರ್ಧ ತಾಯಿಯ ಜೊತೆ. ಒಂದೂವರೆ ಕಿಲೋ ತೂಕದ ಕೂಸನ್ನು ಎದೆಗೆ ಅವುಚಿಕೊಂಡು ಗಂಟೆಗಟ್ಟಲೆ ಕೂರಬೇಕು ಅಂತ ಹೆರಿಗೆಯಾದ ಹುಡುಗಿಗೆ ಹೇಳಬೇಕು. ಅವಳು ಹೆದರಿರುತ್ತಾಳೆ, ಅತ್ತೆ ಬಾಗಿಲಲ್ಲಿ ನಿಂತು ಬೇಡ ಅನ್ನುತ್ತಿರುತ್ತಾಳೆ. "ಏನ ಆಗೂದಿಲ್ಲವಾ, ನಿನ್ನ ಮೈ ಕಾವಿಗೆ ಅದು ಬೆಳೀತದ, ಹಿಂಗ ಹಿಡಿ" ಅಂತ ಇವಳು ಹೇಳುವ ಧಾಟಿಗೆ ಆ ತಾಯಿ ಒಪ್ಪುತ್ತಾಳೆ. ನೈರೋಬಿಯ ತಾಯಿಗೆ ಅದನ್ನು ಯಾವ ಮಾತಲ್ಲಿ ಹೇಳುತ್ತಾಳೆ?

ನಮ್ಮ ಕಡೆಗೂ ಹಿಂದೆ ಹೊರಗಿನವರು ಬಂದಿದ್ದಾರೆ. ಬಾಸೆಲ್ ಮಿಷನ್ನಿನವರು 1837ರಲ್ಲೇ ಧಾರವಾಡಕ್ಕೆ ಬಂದರು. ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದ, ಧಾರವಾಡದಲ್ಲೂ ಇದ್ದ. ಅವನ ನಿಘಂಟು ಅಚ್ಚಾದದ್ದು 1894ರಲ್ಲಿ. ಧರ್ಮ ಪ್ರಚಾರಕ್ಕೆ ಬಂದವರು, ಅದನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ಬಂದವರು ಮೊದಲು ಕೂತು ಕನ್ನಡ ಕಲಿತರು. ಗದಗ-ಬೆಟಗೇರಿಯ ಜರ್ಮನ್ ಆಸ್ಪತ್ರೆಯ ಹೆಸರು ತೆಗೆದದ್ದು ಹುಡುಗಿಯ ತಾಯಿ. "ನಮ್ಮವ್ವ ಹೇಳ್ತಿದ್ಲರೀ, ಅಲ್ಲಿ ಬಂದಿದ್ದ ಮೇಡಂ ನಮ್ಮಂಗ ಮಾತಾಡ್ತಿದ್ಲಂತ. ಆರು ವಾರಕ್ಕ ಬಂದಾಕಿ ಅಲ್ಲ ಬಿಡ್ರಿ."

ಮಕ್ಕಳ ಮನೆಯ ಮಾತು

ಬೆಳಿಗ್ಗೆ ಕ್ಲಿನಿಕ್, ಮಧ್ಯಾಹ್ನ ಅನಾಥ ಮಕ್ಕಳ ಜೊತೆ ಆಟ, ಪಾಠ. ಪ್ಯಾಕೇಜಿನಲ್ಲಿ ಅವಳಿಗೆ ತುಂಬಾ ಹಿಡಿಸಿದ್ದು ಇದೇ. ನನಗೆ ತುಂಬಾ ಸಿಟ್ಟು ಬಂದದ್ದೂ ಇದರ ಮೇಲೇ.

ವಿದೇಶಿ ಸ್ವಯಂಸೇವಕರು ದುಡ್ಡು ಕೊಟ್ಟು ಬರುವ ಅನಾಥಾಶ್ರಮಗಳಲ್ಲಿ ಇರುವ ಮಕ್ಕಳೆಲ್ಲ ಅನಾಥರಲ್ಲ. ಕಾಂಬೋಡಿಯಾ, ನೇಪಾಳ, ಕೀನ್ಯಾ ಎಲ್ಲ ಕಡೆ ಇದು ಮತ್ತೆ ಮತ್ತೆ ಹೊರಬಂದಿದೆ. ಅಪ್ಪನೋ ಅವ್ವನೋ ಬದುಕಿರುತ್ತಾರೆ, ಬಡವರು, ಅಷ್ಟೇ. ಓದಿಸುತ್ತೇವೆ ಅಂತ ಹೇಳಿ ಮಕ್ಕಳನ್ನು ಕರೆತರುತ್ತಾರೆ. ಬಂದು ಹೋಗುವ ಅತಿಥಿ ಇದ್ದಷ್ಟೂ ಮಕ್ಕಳು ಬೇಕು, ಮಕ್ಕಳಿದ್ದಷ್ಟೂ ದೇಣಿಗೆ ಬರುತ್ತದೆ. ಆಸ್ಟ್ರೇಲಿಯಾದ ಸಂಸತ್ತು 2017ರಲ್ಲಿ ಇದನ್ನು ಆಧುನಿಕ ಗುಲಾಮಗಿರಿಯ ವಿಚಾರಣೆಯಲ್ಲೇ ಸೇರಿಸಿ ನೋಡಿತು. ಕೀನ್ಯಾ ಅದೇ ವರ್ಷ ಹೊಸ ಮಕ್ಕಳ ಮನೆಗಳ ನೋಂದಣಿ ನಿಲ್ಲಿಸಿತು. 2022ರಲ್ಲಿ ಹತ್ತು ವರ್ಷದ ಯೋಜನೆ ಹಾಕಿಕೊಂಡು, ಮಕ್ಕಳನ್ನು ಸಂಸ್ಥೆಗಳಿಂದ ಕುಟುಂಬಕ್ಕೆ ಮರಳಿಸುವ ಕೆಲಸಕ್ಕೆ ಇಳಿಯಿತು. ಸರಕಾರ ಮುಚ್ಚಲು ಹೊರಟಿರುವುದನ್ನು ಈ ಏಜೆನ್ಸಿ ಹುಬ್ಬಳ್ಳಿಯಲ್ಲಿ ಮಾರುತ್ತಿದೆ.

ಮಕ್ಕಳಿಗೆ ಏನಾಗುತ್ತೆ ಅನ್ನುವುದನ್ನು ಅವಳಿಗೆ ವಿವರಿಸಬೇಕಾಗಲಿಲ್ಲ. ಆರು ವಾರ ಒಬ್ಬ ಅಕ್ಕ ಬಂದು ಎತ್ತಿ ಆಡಿಸಿ ಹೋಗುತ್ತಾಳೆ, ಮುಂದಿನ ತಿಂಗಳು ಇನ್ನೊಬ್ಬಳು. ವಾರ್ಡಿನಲ್ಲಿ ತಾಯಿ ಎರಡು ದಿನ ಬರದಿದ್ದರೆ ಕೂಸು ಹೇಗೆ ಹಾಲು ಕುಡಿಯುವುದನ್ನೇ ಬಿಡುತ್ತೆ ಅಂತ ನೋಡಿದವಳು ಅವಳು. ಆ ಹೊತ್ತು ಜಾಸ್ತಿ ಮಾತಾಡಲಿಲ್ಲ.

ಹಾಗಾದರೆ ದಾರಿ ಯಾವುದು

ದುಡ್ಡು ಕಟ್ಟಲಿಲ್ಲ. 5,000 ಹೋಯಿತು, ಕೇಳಿದರೂ ವಾಪಸ್ ಬರಲಿಲ್ಲ. ಆಸೆ ಮಾತ್ರ ಹಾಗೇ ಇತ್ತು. ಅದನ್ನು ಚಿವುಟಿ ಹಾಕುವುದು ನನ್ನ ಉದ್ದೇಶವೂ ಆಗಿರಲಿಲ್ಲ.

ನಿಜವಾಗಿ ನರ್ಸ್ ಬೇಕಾದವರು ನರ್ಸ್‌ಗೇ ದುಡ್ಡು ಕೊಟ್ಟು ಕರೆಸಿಕೊಳ್ಳುತ್ತಾರೆ. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ ಯುಎನ್‌ವಿ. ಅದನ್ನು ಸಾಮಾನ್ಯ ಸಭೆ 1970ರಲ್ಲಿ ಹುಟ್ಟುಹಾಕಿತು, ಮುಖ್ಯ ಕಚೇರಿ ಜರ್ಮನಿಯ ಬಾನ್‌ನಲ್ಲಿದೆ. ನೋಂದಣಿಗೆ ಒಂದು ಪೈಸೆ ಇಲ್ಲ. ಆಯ್ಕೆಯಾದರೆ ಪ್ರಯಾಣ, ತಿಂಗಳ ಜೀವನ ಭತ್ಯೆ, ಆರೋಗ್ಯ ವಿಮೆ ಅವರದು. 18ರಿಂದ 26ರವರಿಗೆ ಯುವ ವರ್ಗ, 27 ಆದವರಿಗೆ ತಜ್ಞರ ವರ್ಗ, ಅದಕ್ಕೆ ಕನಿಷ್ಠ ಮೂರು ವರ್ಷದ ಅನುಭವ ಬೇಕು. ಇವಳು ಸರಿಯಾಗಿ ಆ ಹೊಸ್ತಿಲ ಮೇಲೆ ಇದ್ದಳು. ಎಂಎಸ್‌ಎಫ್, ಅಂದರೆ 1971ರಲ್ಲಿ ಫ್ರಾನ್ಸಿನಲ್ಲಿ ಶುರುವಾಗಿ 1999ರಲ್ಲಿ ಶಾಂತಿ ನೊಬೆಲ್ ಪಡೆದ ಗಡಿಯಿಲ್ಲದ ವೈದ್ಯರ ಸಂಸ್ಥೆ, ನರ್ಸ್‌ಗಳಿಗೆ ಸಂಬಳ ಕೊಟ್ಟೇ ಕಳಿಸುತ್ತದೆ. ಅವರು ಆರು ವಾರದ ಲೆಕ್ಕ ಹಾಕುವುದಿಲ್ಲ, ತಿಂಗಳುಗಳ ಲೆಕ್ಕ ಹಾಕುತ್ತಾರೆ. ಅನುಭವ ಇರಬೇಕು, ಇಂಗ್ಲಿಷ್ ಬರಬೇಕು, ಫ್ರೆಂಚ್ ಅಥವಾ ಅರಬಿ ಬಂದರೆ ಇನ್ನೂ ಒಳ್ಳೆಯದು. ಅಲ್ಲಿ ಹೋಗುವವರ ಮುಖ್ಯ ಕೆಲಸ ತಾವೇ ಸೂಜಿ ಹಾಕುವುದಲ್ಲ. ಆ ಊರಿನ ನರ್ಸ್‌ಗಳಿಗೆ ಕಲಿಸುವುದು, ವಾರ್ಡ್ ನಡೆಸುವುದು, ಔಷಧಿಯ ಸ್ಟಾಕ್ ನೋಡುವುದು.

ಇನ್ನು ಕೆಲವು ಹೆಸರು ಕೇಳಿ ಜನ ಮೋಸಹೋಗುತ್ತಾರೆ. ಪೀಸ್ ಕೋರ್ ಅಮೆರಿಕ ಸರಕಾರದ ಸ್ವಯಂಸೇವಕ ಯೋಜನೆ, ಅಲ್ಲಿನ ಪ್ರಜೆಗಳಿಗೆ ಮಾತ್ರ. 1961ರಿಂದ 1976ರವರೆಗೆ ಅವರು ಭಾರತಕ್ಕೂ ಬಂದು ಕೆಲಸ ಮಾಡಿದ್ದರು, ನಾವು ಅದರಲ್ಲಿ ಸೇರುವಂತಿಲ್ಲ. ಜಪಾನಿನವರ ಸ್ವಯಂಸೇವಕ ಯೋಜನೆ ಜಪಾನಿಯರಿಗೇ. ಅದರಲ್ಲಿ ಸೀಟು ಕೊಡಿಸುತ್ತೇನೆ ಅಂದವನು ಸುಳ್ಳುಗಾರ, ಎರಡನೇ ಮಾತು ಬೇಡ. ಜರ್ಮನಿಯ ಸ್ವಯಂಸೇವಾ ವರ್ಷಕ್ಕೆ ನಮ್ಮ ಹುಡುಗರು ಹೋಗಬಹುದು. ಅಲ್ಲಿ ಕೈಖರ್ಚಿಗೆ ಕೊಡುತ್ತಾರೆ, ವಿಮೆ ಇರುತ್ತದೆ, ಆದರೆ ಜರ್ಮನ್ ಕಲಿಯದೆ ಆಗುವುದಿಲ್ಲ. ಅದನ್ನೂ ಲಕ್ಷಗಟ್ಟಲೆಗೆ ಮಾರುವ ಏಜೆಂಟರಿದ್ದಾರೆ. ಕಾಂಬೋಡಿಯಾ, ಮ್ಯಾನ್ಮಾರ್ ಕಡೆ 'ಎನ್‌ಜಿಒ ಡೇಟಾ ಎಂಟ್ರಿ' ಅಂತ ಯಾರಾದರೂ ಕರೆದರೆ ಅಂತೂ ಫೋನ್ ಇಡಿ. ನಮ್ಮವರನ್ನು ಅಲ್ಲಿ ಕೂಡಿಹಾಕಿ ಸೈಬರ್ ವಂಚನೆ ಮಾಡಿಸಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಇಲಾಖೆಯೇ ಎಚ್ಚರಿಕೆ ಕೊಟ್ಟಿದೆ.

ಆಮೇಲೆ

ಮೊದಲು ಐದು ವರ್ಷ ಪೂರ್ತಿ ಮಾಡಿಕೋ ಅಂದೆ. ಅಷ್ಟರಲ್ಲಿ ಅವಳು ಒಂದು ಅಂತರರಾಷ್ಟ್ರೀಯ ವೈದ್ಯಕೀಯ ಸಂಸ್ಥೆಗೆ ಅರ್ಜಿ ಹಾಕಿದಳು, ಅದು ವಾಪಸ್ ಬಂತು. ಕಾರಣ ಸರಳ. ನಾಲ್ಕೂವರೆ ವರ್ಷ ಕೂಸುಗಳನ್ನು ನೋಡಿಕೊಂಡಿದ್ದಳು, ಆದರೆ ಯಾರಿಗಾದರೂ ಕಲಿಸಿದ್ದಳು, ಯಾರ ಮೇಲಾದರೂ ಉಸ್ತುವಾರಿ ಮಾಡಿದ್ದಳು ಅನ್ನುವುದಕ್ಕೆ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ. ನಿಜದಲ್ಲಿ ಹೊಸಬರಿಗೆಲ್ಲ ಕಲಿಸುತ್ತಿದ್ದವಳು ಇವಳೇ. ನಮ್ಮ ಹುಡುಗಿಯರ ಅರ್ಜಿಗಳಲ್ಲಿ ನಾನು ದಿನಾ ನೋಡುವ ಸಮಸ್ಯೆ ಇದು. ಮಾಡಿದ ಕೆಲಸವನ್ನು ಬರೆಸಿಕೊಳ್ಳುವುದಿಲ್ಲ.

ಸಿಸ್ಟರ್ ಇನ್‌ಚಾರ್ಜ್ ಹತ್ತಿರ ಹೋಗಿ, ನೈಟ್ ಶಿಫ್ಟಿನ ಜವಾಬ್ದಾರಿ ಕೇಳಿ ತೆಗೆದುಕೊಂಡಳು. ನವಜಾತ ಶಿಶುವಿನ ಉಸಿರಾಟ ಮರಳಿಸುವ ತರಬೇತಿ ಮುಗಿಸಿದಳು. ಜೂನಿಯರ್‌ಗಳಿಗೆ ಅವಳು ತೆಗೆದುಕೊಂಡ ಪಾಠಗಳ ದಾಖಲೆಗೆ ಡಾಕ್ಟರ ಸಹಿ ಹಾಕಿಸಿದಳು. ಯುಎನ್‌ವಿಯ ಆನ್‌ಲೈನ್ ಸ್ವಯಂಸೇವೆಯಲ್ಲೂ ಹೆಸರು ಬರೆಸಿದಳು. ಅದಕ್ಕೆ ವೀಸಾ ಬೇಡ, ಟಿಕೆಟ್ ಬೇಡ, ಹುಬ್ಬಳ್ಳಿಯ ಪಿಜಿಯಲ್ಲಿ ಕೂತು ಮಾಡುವಂಥದ್ದು. ಅಲ್ಲಿ ಕಲಿತದ್ದು ಮುಖ್ಯವಾಗಿ ಇಂಗ್ಲಿಷಿನಲ್ಲಿ ನೆಟ್ಟಗೆ ಒಂದು ಮೇಲ್ ಬರೆಯುವುದು ಅಂತ ಅವಳೇ ಹೇಳುತ್ತಾಳೆ.

ಎರಡನೇ ಸಲ ಅರ್ಜಿ ಹಾಕಿದಾಗ ಸಂದರ್ಶನದವರೆಗೆ ಹೋಯಿತು. ಪಾಸಾದಳು. ಈಗ ಹೆಸರು ಅವರ ಪಟ್ಟಿಯಲ್ಲಿದೆ. ಯಾವ ದೇಶ, ಯಾವಾಗ ಅನ್ನುವುದು ಅಲ್ಲಿ ಬೇಕಾದಾಗ ತಿಳಿಯುತ್ತದೆ. ಈ ಮಧ್ಯೆ ಗಲ್ಫ್‌ನ ಒಂದು ಆಸ್ಪತ್ರೆಯಿಂದ ಒಳ್ಳೆಯ ಸಂಬಳದ ಕರೆಯೂ ಬಂದಿದೆ. ತಾಯಿಗೆ ಮನಸ್ಸು ಗಲ್ಫ್ ಕಡೆ. "ಅಲ್ಲಿ ಎರಡ ವರ್ಷ ದುಡದು, ಆಮ್ಯಾಲೆ ಎಲ್ಲಿಗರ ಹೋಗ್ಲಿ. ಮದಿವಿ ಖರ್ಚ ಯಾರ ನೋಡ್ತಾರ?" ಅನ್ನುತ್ತಾರೆ. ನಾನು ಅದಕ್ಕೆ ಎದುರಾಡಲಿಲ್ಲ. ಮನೆಯ ಸಾಲ ಇನ್ನೂ ಇದೆ, ಗಲ್ಫ್‌ನ ಅನುಭವವನ್ನು ಆ ಸಂಸ್ಥೆಯವರೂ ಕಡಿಮೆ ಅಂತ ನೋಡುವುದಿಲ್ಲ. ಹುಡುಗಿ ಮಾತ್ರ ಮೂರು ತಿಂಗಳು ಕಾಯುತ್ತೇನೆ ಅನ್ನುತ್ತಿದ್ದಾಳೆ.

ಯಾವ ಕಡೆ ಹೋದರೂ ಒಂದು ಕೆಲಸ ಬಾಕಿ ಇದೆ. ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಪೂರ್ತಿ ಇದೆ, ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಬರೀ ಇನಿಷಿಯಲ್ ಇದೆ. ಎರಡೂ ಹೆಸರು ಒಬ್ಬಳದೇ ಅಂತ ಹೊರದೇಶದವರು ಒಪ್ಪಲು ಅಫಿಡವಿಟ್ ಸಾಲದು. ಕೌನ್ಸಿಲ್‌ನಲ್ಲಿ ಹೆಸರು ತಿದ್ದಿಸಲು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಮೂಲಪ್ರತಿ ತರಲು ಹೇಳಿದ್ದೇನೆ. ಅದು ಊರಲ್ಲಿ ಟ್ರಂಕಿನಲ್ಲಿದೆಯಂತೆ, ಬರುವ ಭಾನುವಾರ ತರುತ್ತಾಳೆ.